ಹಳೆಯ ಬಣ್ಣವೂ ಗೃಹಸ್ಥನ ಹೊಣೆಯೂ

ಹಿಂಸೆಯೆಂಬ ಮಾತನ್ನು ಕೇಳಿದೊಡನೆ ನಮ್ಮ ಮನಸ್ಸಿಗೆ ತೋರುವುದು ಹೊಡೆತ, ಬೈಗುಳು, ರಕ್ತಪಾತ ಮುಂತಾದ ಪ್ರತ್ಯಕ್ಷ ಕೃತ್ಯಗಳು. ಹೊಡೆದವನು ಇಲ್ಲಿದ್ದಾನೆ, ಹೊಡೆತ ತಿಂದವನು ಅಲ್ಲಿದ್ದಾನೆ. ಪೆಟ್ಟು ಬಿದ್ದ ಗಳಿಗೆಯಲ್ಲಿಯೇ ನೋವೂ ಕಾಣುತ್ತದೆ. ಇಂಥಲ್ಲಿ ಧರ್ಮಾಧರ್ಮಗಳ ನಿರ್ಣಯ ಅಷ್ಟೇನೂ ಕಷ್ಟವಲ್ಲ. ಆದರೆ ಕೃತ್ಯವು ಇಂದು ನಡೆದು, ಅದರ ಫಲವು ವರ್ಷಗಳಾದ ಮೇಲೆ, ಹೆಸರೂ ತಿಳಿಯದ ಮಗುವೊಂದರ ದೇಹದಲ್ಲಿ ತೋರುವುದಾದರೆ, ಮಾಡಿದವನಲ್ಲಿ ದ್ವೇಷವೂ ಇಲ್ಲ, ಅನುಭವಿಸಿದವನಿಗೆ ಕಾರಣವೂ ತಿಳಿಯದು ಎಂಬಂತಿದ್ದರೆ, ಅದನ್ನು ಹಿಂಸೆಯೆನ್ನಬಹುದೆ? ಎನ್ನಬಹುದಾದರೆ ಅದರ ಹೊಣೆ ಯಾರದು? ಈ ಪ್ರಶ್ನೆಯನ್ನು ವಾಚಕರ ಮುಂದಿಡುವುದಕ್ಕೆ ನಾನು ಆರಿಸಿಕೊಂಡಿರುವ ವಿಷಯ ಬಹಳ ಸಾಮಾನ್ಯವಾದುದು: ಹಳೆಯ ಮನೆಯ ಬಾಗಿಲು ಕಿಟಕಿಗಳಿಂದ ಹಳೆಯ ಬಣ್ಣವನ್ನು ಕೆರೆದು ತೆಗೆಯುವ ಕೆಲಸ.

ನಮ್ಮ ಚಿಕ್ಕಬಾಣಾವರದ ಒಂದು ಮಗ್ಗುಲಿಗೆ ಪೀಣ್ಯದ ಕಾರ್ಖಾನೆಗಳು, ಇನ್ನೊಂದು ಮಗ್ಗುಲಿಗೆ ಸೋಲದೇವನಹಳ್ಳಿಯ ಕಡೆಯ ಕಾಲೇಜುಗಳು. ಹೊಸ ಕಟ್ಟಡಗಳು ದಿನದಿನಕ್ಕೂ ಏಳುತ್ತಿದ್ದರೂ, ಹಳೆಯ ಊರಿನ ಬೀದಿಗಳಲ್ಲಿ ಜಗಲಿ, ಮರದ ಚೌಕಟ್ಟು, ಕಬ್ಬಿಣದ ಸರಳಿನ ಕಿಟಕಿಗಳುಳ್ಳ ಮನೆಗಳು ಇನ್ನೂ ಕೆಲವು ಉಳಿದಿವೆ. ಇವುಗಳಲ್ಲಿ ಕೆಲವನ್ನು ಕಾರ್ಖಾನೆಯ ಕೆಲಸಗಾರರ ಸಂಸಾರಗಳಿಗೆ ಬಾಡಿಗೆಗೆ ಕೊಡುವುದೂ ಉಂಟು. ಮದುವೆ ಬಂದಿತೆಂದರೆ, ಯುಗಾದಿ ಹತ್ತಿರವಾಯಿತೆಂದರೆ, ಬಾಡಿಗೆಯವರು ಬದಲಾದರೆಂದರೆ, ಪೇಂಟರನ್ನು ಕರೆಸಿ ಚದರಡಿಗೆ ಇಷ್ಟೆಂದು ಮಾತನಾಡುವುದು ವಾಡಿಕೆ. ಅವರು ಬಂದು ಹಳೆಯ ಬಣ್ಣವನ್ನು ತಗಡಿನ ಪಟ್ಟಿಯಿಂದ ಕೆರೆಯುತ್ತಾರೆ. ಆಮೇಲೆ ಉಪ್ಪುಕಾಗದದಿಂದ ಒಣಗಿದ ಮರವನ್ನು ಉಜ್ಜುತ್ತಾರೆ. ಹಿಟ್ಟಿನಂಥ ಧೂಳು ಏಳುತ್ತದೆ. ಮೂಗಿಗೆ ಟವಲು ಕಟ್ಟಿದವರು ಕೆಲವರು, ಅದೂ ಇಲ್ಲದವರು ಹಲವರು. ಸಂಜೆ ಮನೆಯ ಹೆಂಗಸರು ಜಗಲಿಯನ್ನು ಪೊರಕೆಯಿಂದ ಗುಡಿಸುತ್ತಾರೆ; ಧೂಳಿನಲ್ಲಿ ಅರ್ಧ ಬೀದಿಗೆ ಹೋಗುತ್ತದೆ, ಅರ್ಧ ಒಳಮನೆಗೆ ಹೋಗುತ್ತದೆ. ಮರುದಿನ ಅದೇ ನೆಲದ ಮೇಲೆ ಕೂಸು ಅಂಬೆಗಾಲಿಡುತ್ತದೆ. ಇದರಲ್ಲಿ ಯಾರ ಮನಸ್ಸಿನಲ್ಲಿಯೂ ಕೆಡುಕಿಲ್ಲ. ಮನೆ ಚೆಲುವಾಗಬೇಕೆಂಬುದೊಂದೇ ಎಲ್ಲರ ಬಯಕೆ.

ಆ ಧೂಳಿನಲ್ಲಿ ಇರುವುದೇನು? ನಮ್ಮ ಹಿರಿಯರು ಗೋಡೆಗೆ ಬಳಿಯುತ್ತಿದ್ದ ಸುಣ್ಣದಲ್ಲಾಗಲಿ ಕೆಮ್ಮಣ್ಣಿನಲ್ಲಾಗಲಿ ಹೇಳತಕ್ಕಷ್ಟು ದೋಷವಿರಲಿಲ್ಲ. ದೋಷ ಸೇರಿಕೊಂಡುದು ಎಣ್ಣೆಬಣ್ಣದ ಮೂಲಕ. ಬಾಗಿಲಿನ ಬಿಳಿಯ ಬಣ್ಣಕ್ಕೆ ಸೀಸದ ಭಸ್ಮ, ಗೇಟು ಸರಳುಗಳಿಗೆ ತುಕ್ಕು ಹಿಡಿಯದಂತೆ ಮೊದಲು ಬಳಿಯುವ ಕೆಂಪಿಗೆ ಸೀಸದ ಸಿಂದೂರ, ಹಳದಿಗೆ ಸೀಸವೂ ಕ್ರೋಮಿಯಮ್ಮೂ ಸೇರಿದ ಪುಡಿ, ಆ ಹಳದಿಯನ್ನೇ ನೀಲಿಯೊಡನೆ ಬೆರಸಿದ ಹಸುರು: ಹೀಗೆ ಬಣ್ಣದ ಡಬ್ಬದೊಳಕ್ಕೆ ಸೀಸವು ಹಲವು ವೇಷಗಳಲ್ಲಿ ಬಂದಿತು. ಬಣ್ಣ ಬೇಗ ಒಣಗಲೆಂದೂ ಅದನ್ನು ಬೆರಸುತ್ತಿದ್ದುದುಂಟು. ಮಳೆ ಬಿಸಿಲುಗಳನ್ನು ತಡೆಯುವ ಶಕ್ತಿ, ಮರವನ್ನು ಚೆನ್ನಾಗಿ ಮುಚ್ಚುವ ಗುಣ, ಇವು ಅದಕ್ಕೆ ಇದ್ದುವು. ಆದುದರಿಂದ ಜನ ಅದನ್ನು ಮೆಚ್ಚಿದರು. ನಮ್ಮ ಸೀಮೆಯ ಮನೆಗಳಲ್ಲಿ ಇನ್ನೊಂದು ವಿಶೇಷವನ್ನು ಗಮನಿಸಬೇಕು. ಹೊಸ್ತಿಲಿಗೆ ಅರಿಸಿನ ಕುಂಕುಮಗಳನ್ನು ಹಚ್ಚುವ ಪದ್ಧತಿ ಹಳೆಯದು. ದಿನದಿನವೂ ಹಚ್ಚುವ ತೊಂದರೆ ತಪ್ಪಲೆಂದು ಅದೇ ಹಳದಿ ಕೆಂಪುಗಳನ್ನು ಎಣ್ಣೆಬಣ್ಣದಲ್ಲಿ ಬಳಿಯುವುದು ಈಚೆಗೆ ಬಂದ ರೂಢಿ. ಮನೆಯಲ್ಲಿ ಎಲ್ಲಕ್ಕಿಂತ ಮಂಗಳವಾದ ಆ ಸ್ಥಾನದಲ್ಲಿ, ಕೂಸು ಕೈಯೂರಿ ದಾಟುವ ಎತ್ತರದಲ್ಲಿ, ಎಲ್ಲರ ಪಾದಗಳು ತಗಲಿ ಸವೆಯುವ ಕಡೆಯಲ್ಲಿ ಆ ಬಣ್ಣವಿದೆ.

ಸಂಸ್ಕೃತದಲ್ಲಿ ಸೀಸಕ್ಕೆ ನಾಗವೆಂಬ ಹೆಸರೂ ಇದೆ. ರಸಶಾಸ್ತ್ರದವರು ಅದನ್ನು ತವರದೊಡನೆ ಸೇರಿಸಿ ಪೂತಿಲೋಹಗಳೆಂದು ಬೇರೆ ವರ್ಗ ಮಾಡಿದರು, ಶೋಧನೆಯಿಲ್ಲದೆ ಉಪಯೋಗಿಸಬಾರದೆಂದರು. ಅವರ ಶೋಧನಕ್ರಮದಿಂದ ದೋಷವೆಲ್ಲ ನೀಗುವುದೆ ಎಂಬುದು ಬೇರೆ ಚರ್ಚೆ. ಈ ಲೋಹವನ್ನು ನಂಬಬಾರದೆಂಬ ಅರಿವು ಪೂರ್ವಿಕರಿಗೆ ಇದ್ದಿತೆಂಬಷ್ಟು ಇಲ್ಲಿಗೆ ಸಾಕು. ಇಟಲಿಯ ವೈದ್ಯ ರಾಮಝೀನಿ ೧೭೦೦ರಲ್ಲಿ ಪ್ರಕಟಿಸಿದ, ಕಸುಬುದಾರರ ರೋಗಗಳನ್ನು ಕುರಿತ ಗ್ರಂಥದಲ್ಲಿ ಚಿತ್ರಕಾರರ ದೇಹಾಲಸ್ಯಕ್ಕೆ ಅವರ ಬಣ್ಣಗಳೇ ಕಾರಣವೆಂದು ಹೇಳಿದ್ದನು.

ಸೀಸವು ದೇಹಕ್ಕೆ ಯಾವ ಉಪಕಾರವನ್ನೂ ಮಾಡದು. ಕಬ್ಬಿಣ, ಸುಣ್ಣ ಮುಂತಾದವು ಮಿತಿಯಲ್ಲಿದ್ದರೆ ಪೋಷಕಗಳು; ಇದಕ್ಕೆ ಅಂಥ ಮಿತಿಯೇ ಇಲ್ಲ. ದೇಹವು ಇದನ್ನು ಸುಣ್ಣವೆಂದು ಭ್ರಮಿಸಿ ಎಲುಬಿನಲ್ಲಿ ಕೂಡಿಡುತ್ತದೆ. ಅಲ್ಲಿ ಅದು ಹತ್ತಾರು ವರ್ಷ ನೆಲಸಿರಬಲ್ಲದು. ಹೆಣ್ಣುಮಗಳು ಗರ್ಭವತಿಯಾದಾಗ ಎಲುಬಿನಿಂದ ಸುಣ್ಣ ಕರಗುವುದರ ಜೊತೆಗೆ ಆ ಹಳೆಯ ಸೀಸವೂ ಹೊರಟು ಗರ್ಭಸ್ಥ ಶಿಶುವನ್ನು ಮುಟ್ಟುತ್ತದೆ. ದೊಡ್ಡವರ ಹೊಟ್ಟೆಗೆ ಹೋದ ಸೀಸದಲ್ಲಿ ಹತ್ತರಲ್ಲೊಂದು ಪಾಲು ರಕ್ತಕ್ಕೆ ಸೇರಿದರೆ, ಎಳೆಯ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧವೇ ಸೇರುತ್ತದೆ. ಅದು ಬೆಳೆಯುತ್ತಿರುವ ಮಿದುಳನ್ನು ಕೆಡಿಸುತ್ತದೆ. ಗ್ರಹಣಶಕ್ತಿ ಕುಂದುತ್ತದೆ, ಗಮನ ನಿಲ್ಲದಾಗುತ್ತದೆ. ಅಪಾಯವಿಲ್ಲದ ಪ್ರಮಾಣವೆಂಬುದು ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದೆ.

ಪ್ರಮಾಣದ ಅಂದಾಜಿಗೆ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ಹಳೆಯ ಬಾಗಿಲಿನ ಬಣ್ಣದಲ್ಲಿ ನೂರಕ್ಕೆ ಒಂದು ಪಾಲು ಸೀಸವಿದೆಯೆಂದು ಇಟ್ಟುಕೊಳ್ಳೋಣ. ಅದರ ಧೂಳು ಒಂದು ಗ್ರಾಂ, ಅಂದರೆ ಒಂದು ಚಿಟಿಕೆ. ಆ ಚಿಟಿಕೆಯಲ್ಲಿ ೧೦,೦೦೦ ಮೈಕ್ರೋಗ್ರಾಂ ಸೀಸವಿರುತ್ತದೆ. ರಕ್ತದಲ್ಲಿ ಡೆಸಿಲೀಟರಿಗೆ ೫ ಮೈಕ್ರೋಗ್ರಾಂ ಸೀಸ ಕಂಡರೆ ಅದು ಎಲ್ಲಿಂದ ಬಂದಿತೆಂದು ಹುಡುಕಿ ತಡೆಯಬೇಕೆಂಬುದು ಅದೇ ಸಂಸ್ಥೆ ೨೦೨೧ರಲ್ಲಿ ಕೊಟ್ಟ ಸೂಚನೆ. ಅಂಬೆಗಾಲಿಡುವ ಮಗುವಿನ ಮೈಯಲ್ಲಿರುವ ರಕ್ತ ಸುಮಾರಾಗಿ ಒಂದು ಲೀಟರು. ಅಷ್ಟು ರಕ್ತಕ್ಕೆ ೫೦ ಮೈಕ್ರೋಗ್ರಾಮಿನಿಂದಲೇ ಆ ಅಳತೆ ಮುಟ್ಟುತ್ತದೆ. ಎಂದರೆ ಚಿಟಿಕೆಯ ಇನ್ನೂರರಲ್ಲೊಂದು ಪಾಲು. ತಿಂದುದೆಲ್ಲ ರಕ್ತಕ್ಕೆ ಸೇರುವುದಿಲ್ಲ, ಸೇರಿದುದೆಲ್ಲ ರಕ್ತದಲ್ಲಿಯೇ ನಿಲ್ಲುವುದೂ ಇಲ್ಲ. ಆದುದರಿಂದ ಈ ಲೆಕ್ಕ ವೈದ್ಯರ ಲೆಕ್ಕವಲ್ಲ. ಆದರೂ, ಒಂದು ಬಾಗಿಲನ್ನು ಉಜ್ಜಿದಾಗ ಹಾರುವ ಧೂಳು ಎಷ್ಟು ಚಿಟಿಕೆಯೆಂಬುದನ್ನು ನೆನೆದರೆ ವಿಷಯದ ಗುರುತ್ವ ತಿಳಿಯುತ್ತದೆ.

ಇದನ್ನು ಲೋಕವು ಕಂಡುಕೊಂಡ ಬಗೆಯೂ ತಿಳಿಯತಕ್ಕದ್ದೇ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ನಮ್ಮಲ್ಲಿನಂತೆಯೇ ಬಿಸಿಲಿನ ಪ್ರಾಂತ. ಅಲ್ಲಿಯ ಬ್ರಿಸ್ಬೇನ್ ನಗರದ ಮಕ್ಕಳಿಗೆ ಸೀಸದ ವಿಷವೇರುತ್ತಿರುವುದನ್ನು ೧೮೯೦ರ ದಶಕದಲ್ಲಿಯೇ ವೈದ್ಯರು ಗುರುತಿಸಿದ್ದರು. ವಿಷದ ಮೂಲ ಮಾತ್ರ ತಿಳಿದಿರಲಿಲ್ಲ. ೧೯೦೪ರಲ್ಲಿ ಲಾಕ್‌ಹಾರ್ಟ್ ಗಿಬ್ಸನ್ ಎಂಬ ಕಣ್ಣಿನ ವೈದ್ಯನು ಅದನ್ನು ಮನೆಗಳ ವರಾಂಡದಲ್ಲಿ ತೋರಿಸಿಕೊಟ್ಟನು. ಬಿಸಿಲಿಗೆ ಪುಡಿಯಾದ ಕಟಕಟೆಯ ಬಣ್ಣ ಮಕ್ಕಳ ಬೆರಳಿಗೆ ಅಂಟಿ, ಬೆರಳಿನಿಂದ ಬಾಯಿಗೆ ಹೋಗುತ್ತಿತ್ತು. ನಮ್ಮ ಜಗಲಿಗೂ ಆ ವರಾಂಡಕ್ಕೂ ಎಷ್ಟು ದೂರ? ಆದರೂ ಅಲ್ಲಿ ಶಾಸನವಾಗುವುದಕ್ಕೆ ೧೯೨೨ನೆಯ ಇಸವಿಯೇ ಬರಬೇಕಾಯಿತು. ಅದಕ್ಕೆ ಹಿಂದಿನ ವರ್ಷ, ೧೯೨೧ರಲ್ಲಿ, ಜಿನೀವಾದಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಕಟ್ಟಡಗಳ ಒಳಭಾಗಕ್ಕೆ ಸೀಸದ ಬಿಳಿಬಣ್ಣವನ್ನು ಬಳಿಯುವುದನ್ನು ಕೆಲವು ವಿನಾಯಿತಿಗಳೊಡನೆ ನಿಷೇಧಿಸುವ ಒಡಂಬಡಿಕೆಯನ್ನು ಅಂಗೀಕರಿಸಿತು. ಅಮೆರಿಕಾ ಸಂಯುಕ್ತ ಸಂಸ್ಥಾನಗಳು ಮನೆಯ ಬಣ್ಣದಲ್ಲಿ ಸೀಸವನ್ನು ತಡೆದುದು ೧೯೭೮ರಲ್ಲಿ. ತಿಳಿವಿಗೂ ನಡತೆಗೂ ನಡುವೆ ಬಿದ್ದ ಅಂತರ ಇಷ್ಟು ದೊಡ್ಡದು.

ನಮ್ಮ ನಾಡಿನಲ್ಲಿ ಈ ವಿಚಾರಕ್ಕೆ ಬೆಂಗಳೂರೇ ಒಂದು ಮುಖ್ಯ ಕ್ಷೇತ್ರವಾಯಿತೆಂಬುದನ್ನು ಇಲ್ಲಿಯವರಾದ ನಾವು ನೆನೆಯಬೇಕು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಭಾಗದಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷವನ್ನು ಪತ್ತೆಹಚ್ಚುವುದಕ್ಕಾಗಿ ಅಲ್ಲಿ ರಾಷ್ಟ್ರೀಯ ಕೇಂದ್ರವೊಂದನ್ನು ಕಟ್ಟಿ ಬೆಳೆಸಿದರು. ೧೯೯೯ರಲ್ಲಿ ಜಾರ್ಜ್ ಫೌಂಡೇಶನ್ ಸಂಸ್ಥೆಯ ಆಶ್ರಯದಲ್ಲಿ ಈ ವಿಷಯವನ್ನು ಕುರಿತು ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲಿಯೇ ನಡೆಯಿತು. ೨೦೦೦ದಲ್ಲಿ ಸೀಸ ಬೆರಸಿದ ಪೆಟ್ರೋಲು ದೇಶದಲ್ಲಿ ನಿಂತಿತು. ೨೦೦೪ರಲ್ಲಿ ಪ್ರಕಟವಾದ ಮಂಗಳೂರಿನ ಅಧ್ಯಯನವೊಂದರಲ್ಲಿ, ರಕ್ತದಲ್ಲಿ ಸೀಸ ಹೆಚ್ಚಾಗಿದ್ದ ಮಕ್ಕಳ ವಿಷದ ಮೂಲವನ್ನು ಕೈಯಲ್ಲಿ ಹಿಡಿಯುವ ಎಕ್ಸ್‌-ರೇ ಯಂತ್ರದಿಂದ ಅವರವರ ಪರಿಸರದಲ್ಲಿಯೇ ಹುಡುಕಿದರು. ಕೊನೆಗೆ, ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವು ಹತ್ತು ಲಕ್ಷದಲ್ಲಿ ೯೦ ಪಾಲನ್ನು ಮೀರಬಾರದೆಂದು ೨೦೧೬ರಲ್ಲಿ ಭಾರತ ಸರ್ಕಾರದ ನಿಯಮ ಹೊರಟು, ೨೦೧೭ನೆಯ ನವೆಂಬರ್ ೧ರಿಂದ ಜಾರಿಗೆ ಬಂದಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಆ ನಿಯಮ ಹೊಸ ಡಬ್ಬಕ್ಕೆ ಸಂಬಂಧಿಸಿದುದು, ಹಳೆಯ ಬಾಗಿಲಿಗಲ್ಲ. ೨೦೧೭ಕ್ಕೆ ಹಿಂದೆ ಎಣ್ಣೆಬಣ್ಣ ಕಂಡ ಯಾವ ಬಾಗಿಲಿನಲ್ಲಿಯೂ ಸೀಸವಿರಬಹುದು. ಆದುದರಿಂದ ಹಳೆಯ ಮನೆಯೆಂದರೆ ನೂರು ವರ್ಷದ ಮನೆಯೇ ಆಗಬೇಕಾಗಿಲ್ಲ. ಹೊಸ ಬಣ್ಣದ ಕೆಳಗೆ ಹಳೆಯ ಪದರ ಹಾಗೆಯೇ ಕುಳಿತಿರುತ್ತದೆ. ಕೆರೆದಾಗ ಅದೂ ಏಳುತ್ತದೆ. ಅಲ್ಲದೆ ಆ ನಿಯಮದ ಹೆಸರೇ ಹೇಳುವಂತೆ ಅದು ಮನೆಬಳಕೆಯ ಬಣ್ಣಕ್ಕೆ ಮಾತ್ರ ಅನ್ವಯ. ಕಾರ್ಖಾನೆಯ ಯಂತ್ರಗಳಿಗೆ ಬಳಿದು ಮಿಕ್ಕ ಬಣ್ಣವನ್ನು, ಗಟ್ಟಿಯಾದುದೆಂದು ಮೆಚ್ಚಿ, ಮನೆಯ ಗೇಟಿಗೆ ಬಳಿಯುವುದಾದರೆ ಆ ರಕ್ಷೆಯನ್ನು ನಾವೇ ಕಳಚಿ ಹಾಕಿದಂತೆ. ಶಾಸನದ ಕೈ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದ ಮುಂದಕ್ಕೆ ಗೃಹಸ್ಥನ ಧರ್ಮವೇ ಕಾವಲಿರಬೇಕು. ನಾನು ಮೊದಲು ಎತ್ತಿದ ಪ್ರಶ್ನೆ ಈಗ ಎದುರಿಗೆ ಬರುತ್ತದೆ.

ಪತಂಜಲಿಗಳು ಯೋಗಸೂತ್ರದ ಎರಡನೆಯ ಪಾದದಲ್ಲಿ ಹಿಂಸೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ: ತಾನು ಮಾಡಿದುದು, ಇತರರಿಂದ ಮಾಡಿಸಿದುದು, ಇತರರು ಮಾಡಿದಾಗ ಸಮ್ಮತಿಸಿದುದು. ಕೃತ, ಕಾರಿತ, ಅನುಮೋದಿತ. ಈ ವಿಭಾಗದ ಬೆಲೆ ಇಂಥ ವಿಷಯಗಳಲ್ಲಿಯೇ ಗೊತ್ತಾಗುವುದು. ಉಪ್ಪುಕಾಗದವನ್ನು ಹಿಡಿದವನು ಪೇಂಟರು. ಕೃತದ ಪಾಲು ಅವನದು. ಆದರೆ ಇಷ್ಟು ದಿನದಲ್ಲಿ ಮುಗಿಯಬೇಕು, ಇಷ್ಟೇ ಹಣ, ಇಂತಹುದೇ ರೀತಿ ಎಂದು ಗೊತ್ತುಮಾಡಿದವನು ಮನೆಯ ಯಜಮಾನ. ಕೆಲಸದ ವೇಗವನ್ನು ನಿರ್ಣಯಿಸಿದವನು ಅದರ ಧೂಳನ್ನೂ ನಿರ್ಣಯಿಸಿದಂತೆ. ಆದಕಾರಣ ಇಲ್ಲಿ ಕಾರಿತದ ಭಾರ ಕೃತದ ಭಾರಕ್ಕಿಂತ ಹೆಚ್ಚಿನದೆಂದು ನನ್ನ ಅಭಿಪ್ರಾಯ. ಪಕ್ಕದ ಮನೆಯಲ್ಲಿ ಹೀಗೆ ಧೂಳೇಳುತ್ತಿರುವುದನ್ನು ಕಂಡೂ, ತಿಳಿದೂ, ನಮಗೇಕೆಂದು ಬಾಗಿಲು ಮುಚ್ಚಿಕೊಂಡವನ ಪಾಲು ಮೂರನೆಯದು. ಮೌನವನ್ನು ಸಮ್ಮತಿಯೆಂದು ಭಾವಿಸುವ ಲೋಕದಲ್ಲಿ ಅವನೂ ಪೂರ್ತಿಯಾಗಿ ಪಾರಾಗಲಾರನು.

ಅದೇ ಸೂತ್ರವು ಹಿಂಸೆಗೆ ಮೂರು ಮೂಲಗಳನ್ನು ಹೇಳುತ್ತದೆ: ಲೋಭ, ಕ್ರೋಧ, ಮೋಹ. ನಮ್ಮ ಪ್ರಸಂಗದಲ್ಲಿ ಕ್ರೋಧಕ್ಕೆ ಎಡೆಯಿಲ್ಲ. ಉಳಿದವು ಲೋಭ ಮತ್ತು ಮೋಹ. ಮೋಹವೆಂದರೆ ಅವಿವೇಕ, ತಿಳಿಯದಿರುವಿಕೆ. ತಿಳಿಯದೆ ಮಾಡಿದವನನ್ನು ಕಠಿನವಾಗಿ ನಿಂದಿಸುವುದು ನ್ಯಾಯವಲ್ಲ, ಅವನಿಗೆ ತಿಳಿಸಬೇಕು. ಆದರೆ ತಿಳಿದ ಮೇಲೂ ನಡತೆ ಬದಲಾಗದಿದ್ದರೆ, ಮೋಹವೆಂಬ ಮರೆ ಹೋಗಿ ಲೋಭವೊಂದೇ ಬತ್ತಲೆ ನಿಲ್ಲುತ್ತದೆ. ಅರಿವು ಇದುವರೆಗೆ ಇಲ್ಲದಿದ್ದ ಹೊಣೆಯನ್ನು ತಲೆಯ ಮೇಲೆ ಇಡುತ್ತದೆ. ಓದು ಬರೆಹ ಬಲ್ಲ ಮನೆತನಗಳಿಗೆ ಇದು ವಿಶೇಷವಾಗಿ ಅನ್ವಯಿಸುವ ಮಾತು.

ಲೋಭವೆಂದರೆ ಇಲ್ಲಿ ದೊಡ್ಡ ದುರಾಶೆಯಲ್ಲ, ಎರಡು ದಿನದ ಕೂಲಿ. ಬಣ್ಣದ ಕೆಲಸದಲ್ಲಿ ಬಹುಕಾಲ ಪಳಗಿದ ಒಬ್ಬರೊಡನೆ ಈ ವಿಷಯವನ್ನು ಮಾತನಾಡಿದಾಗ ಅವರು ಹೇಳಿದ ಮಾತು ನೇರವಾದುದು: “ನೀರು ಹಾಕಿ ಉಜ್ಜಿದ್ರೆ ಎರಡು ದಿನ ಹೆಚ್ಚು ಹಿಡೀತದೆ, ಮೇಷ್ಟ್ರೇ. ಮರ ಒಣಗೋತನಕ ಬಣ್ಣ ಹಚ್ಚೋಂಗಿಲ್ಲ. ಮಾತಾಡಿರೋದು ಚದರಡಿ ಲೆಕ್ಕ. ಆ ಎರಡು ದಿನ ನಮ್ಮ ಹೊಟ್ಟೆಗೇನು?” ನಾನು ಓದಿದ ಯಾವ ಶಾಸ್ತ್ರವಾಕ್ಯಕ್ಕಿಂತಲೂ ಈ ಪ್ರಶ್ನೆ ವಿಷಯದ ಮರ್ಮವನ್ನು ಚೆನ್ನಾಗಿ ಮುಟ್ಟಿತು. ಚದರಡಿಯ ಗುತ್ತಿಗೆಯಲ್ಲಿ ಎಚ್ಚರಿಕೆಯಿಂದ ಕೆಲಸ ಮಾಡಿದವನಿಗೆ ನಷ್ಟ, ಅವಸರದಿಂದ ಮಾಡಿದವನಿಗೆ ಲಾಭ. ಇಂಥ ಒಪ್ಪಂದವನ್ನು ನಾವೇ ಮಾಡಿ, ಆಮೇಲೆ ಕೆಲಸಗಾರರಿಗೆ ಬುದ್ಧಿಯಿಲ್ಲವೆಂದು ದೂರುವುದು ಸರಿಯೆ?

ಹಾಗಾದರೆ ಮಾಡತಕ್ಕದ್ದೇನು? ವಿಧಿಗಳು ಕಷ್ಟವಾದುವಲ್ಲ. ಮೊದಲನೆಯದಾಗಿ, ಬಣ್ಣ ಗಟ್ಟಿಯಾಗಿ ಅಂಟಿಕೊಂಡು, ಬಿರುಕಿಲ್ಲದೆ, ಉಜ್ಜಾಟಕ್ಕೆ ಸಿಕ್ಕದೆ ಇದ್ದರೆ ಅದನ್ನು ಕೆರೆಯಲೇಬಾರದು. ಒದ್ದೆಬಟ್ಟೆಯಿಂದ ಒರಸಿ ಅದರ ಮೇಲೆಯೇ ಹೊಸ ಬಣ್ಣವನ್ನು ಬಳಿಯುವುದು ಲೇಸು. ಕೆರೆಯಲೇಬೇಕಾದಾಗ, ಸಾಧ್ಯವಿದ್ದರೆ ಚಕ್ಕೆಯೊಂದನ್ನು ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷಿಸಬೇಕು. ಇಲ್ಲವಾದರೆ ಸೀಸವಿದೆಯೆಂದೇ ಎಣಿಸಿ ನಡೆಯಬೇಕು. ಕಣ್ಣಿಂದ ನೋಡಿ ಹೇಳುವ ವಿದ್ಯೆ ಇದಕ್ಕಿಲ್ಲ. ಕೆಲಸ ಮುಗಿದು ನೆಲ ತೊಳೆಯುವವರೆಗೆ ಮಕ್ಕಳನ್ನೂ ಗರ್ಭಿಣಿಯರನ್ನೂ ಬೇರೆ ಮನೆಯಲ್ಲಿ ಇರಿಸಬೇಕು. ಪಾತ್ರೆ, ಹಾಸಿಗೆ, ಆಟಿಕೆಗಳನ್ನು ಹೊರಗೆ ಸಾಗಿಸಬೇಕು. ಸಾಗಿಸಲಾಗದುದನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಬೇಕು. ನೆಲದ ಮೇಲೆಯೂ ದಪ್ಪ ಹಾಳೆಯನ್ನು ಹಾಸಿ, ಕೆಲಸದ ಕೋಣೆಯ ಬಾಗಿಲಿಗೆ ಹಾಳೆಯನ್ನು ಇಳಿಬಿಟ್ಟು ಅಂಟಿಸಬೇಕು.

ಕೆರೆಯುವಾಗ ನೀರು ಚಿಮುಕಿಸಿ ಒದ್ದೆಮಾಡಿಯೇ ಕೆರೆಯಬೇಕು. ವಿದ್ಯುತ್ತಿನ ಬುಡ ಇದ್ದೆಡೆ ಮಾತ್ರ ನೀರು ತಾಕಿಸಬಾರದು. ಒಣ ಉಪ್ಪುಕಾಗದವೂ, ಧೂಳನ್ನು ಹೀರಿಕೊಳ್ಳದ ವಿದ್ಯುತ್ ಉಜ್ಜುಯಂತ್ರವೂ ವರ್ಜ್ಯ. ಬೆಂಕಿಯ ದೀಪದಿಂದ ಬಣ್ಣವನ್ನು ಸುಟ್ಟು ತೆಗೆಯುವುದು ಎಲ್ಲಕ್ಕಿಂತ ಕೆಟ್ಟದು, ಏಕೆಂದರೆ ಸೀಸ ಆಗ ಹೊಗೆಯಾಗಿ ನೇರವಾಗಿ ಶ್ವಾಸಕೋಶವನ್ನು ಸೇರುತ್ತದೆ. ಮೂಗಿಗೆ ಕಟ್ಟಿದ ಟವಲು ಈ ಸೂಕ್ಷ್ಮ ಧೂಳನ್ನು ತಡೆಯಲಾರದು. ಸೂಕ್ಷ್ಮಕಣಗಳನ್ನು ಶೋಧಿಸುವ, ಮುಖಕ್ಕೆ ಬಿಗಿಯಾಗಿ ಕೂರುವ ಮುಸುಕೇ ಬೇಕು. ಕೆಲಸದ ನಡುವೆ ಬೀಡಿ ಸೇದುವುದು, ಎಲೆಯಡಿಕೆ ಹಾಕುವುದು, ಅಲ್ಲಿಯೇ ಬುತ್ತಿ ಬಿಚ್ಚುವುದು, ಇವು ವಿಷವನ್ನು ಕೈಯಾರೆ ಬಾಯಿಗೆ ಇಟ್ಟುಕೊಂಡಂತೆ. ಸೋಪಿನಿಂದ ಕೈ ಮುಖಗಳನ್ನು ತೊಳೆದ ಮೇಲೆಯೇ ಊಟ. ಕೆಲಸದ ಬಟ್ಟೆಯನ್ನು ಅಲ್ಲಿಯೇ ಬದಲಿಸಿ ಚೀಲದಲ್ಲಿ ಕಟ್ಟಿ, ಮನೆಯವರ ಬಟ್ಟೆಗಳೊಡನೆ ಸೇರಿಸದೆ ಒಗೆಯಬೇಕು. ಇಲ್ಲದಿದ್ದರೆ, ನಮ್ಮ ಮಗುವಿನಿಂದ ದೂರವಿಟ್ಟ ಧೂಳನ್ನು ಪೇಂಟರ ಮಗುವಿನ ಮಡಿಲಿಗೆ ಹಾಕಿದಂತಾಗುತ್ತದೆ.

ಕೊನೆಯಲ್ಲಿ ಪೊರಕೆಯನ್ನು ಮುಟ್ಟಲಾಗದು. ಹಾಳೆಯನ್ನು ಒಳಮುಖವಾಗಿ ಮಡಿಚಿ ಗಟ್ಟಿ ಚೀಲಗಳಲ್ಲಿ ಎರಡು ಪದರವಾಗಿ ಕಟ್ಟಬೇಕು. ನೆಲವನ್ನೂ ಕಿಟಕಿಯ ಅಂಚನ್ನೂ ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ, ನೀರನ್ನು ಮತ್ತೆ ಮತ್ತೆ ಬದಲಿಸುತ್ತ, ಒಂದಕ್ಕಿಂತ ಹೆಚ್ಚು ಬಾರಿ ಒರಸಬೇಕು. ಸಾಮಾನ್ಯ ವ್ಯಾಕ್ಯೂಮ್ ಯಂತ್ರ ಸೂಕ್ಷ್ಮ ಧೂಳನ್ನು ಹಿಂದಿನಿಂದ ಮತ್ತೆ ಹಾರಿಸುತ್ತದೆ. ಅದಕ್ಕೆಂದೇ ಮಾಡಿದ ಸೂಕ್ಷ್ಮ ಶೋಧಕವುಳ್ಳದ್ದಾದರೆ ಸರಿ. ಚಕ್ಕೆಗಳನ್ನು ಸುಡಬಾರದು, ಹಿತ್ತಿಲಿನ ಗಿಡದ ಪಾತಿಗೆ ಸುರಿಯಬಾರದು, ಚರಂಡಿಗೆ ತಳ್ಳಬಾರದು. ಅಪಾಯದ ಕಸವೆಂದು ತಿಳಿಸಿ ಬೇರೆಯಾಗಿಯೇ ಒಪ್ಪಿಸಬೇಕು. ಯಾರಿಗಾದರೂ ಸಂಶಯವಿದ್ದರೆ ವೈದ್ಯರ ಸಲಹೆಯಂತೆ ರಕ್ತವನ್ನು ಪರೀಕ್ಷಿಸಬಹುದು. ಮೇಲಿನ ಲಕ್ಷಣಗಳನ್ನು ನೋಡಿ ನಿಶ್ಚಯಿಸುವುದು ಸಾಧ್ಯವಲ್ಲ.

ಇದಕ್ಕೆ ಆಕ್ಷೇಪಗಳು ಬಾರದೆ ಇರವು. ನಮ್ಮ ಹಿರಿಯರು ಇಂಥ ಮನೆಗಳಲ್ಲಿಯೇ ಬಾಳಲಿಲ್ಲವೆ, ಅವರಿಗೇನಾಯಿತು ಎಂಬುದು ಮೊದಲನೆಯದು. ಸೀಸದ ಗಾಯ ಕುರುಹನ್ನು ಬಿಡುವುದಿಲ್ಲ. ಹತ್ತು ವಾಕ್ಯ ನೆನಪಿಡಬೇಕಾದ ಮಗು ಏಳನ್ನು ನೆನಪಿಟ್ಟರೆ ಉಳಿದ ಮೂರನ್ನು ಕಳೆದುದು ಯಾವುದೆಂದು ಯಾವ ಉಪಾಧ್ಯಾಯನೂ ತರಗತಿಯಲ್ಲಿ ನೋಡಿ ಹೇಳಲಾರನು. ಮಕ್ಕಳ ಮಂದತೆಗೆಲ್ಲ ಇದೇ ಕಾರಣವೆಂದು ನಾನು ಹೇಳುತ್ತಿಲ್ಲ. ಯಾರಿಗೂ ಏನೂ ಆಗಲಿಲ್ಲವೆಂಬ ಮಾತಿಗೆ ಪ್ರಮಾಣವಿಲ್ಲವೆಂದಷ್ಟೆ ಹೇಳುತ್ತೇನೆ.

ಪೇಂಟರು ತಾವೇ ಒಪ್ಪಿ ಮಾಡುತ್ತಾರಲ್ಲವೆ ಎಂಬುದು ಎರಡನೆಯದು. ಅಪಾಯವನ್ನು ತಿಳಿಯದವನ ಒಪ್ಪಿಗೆ ಒಪ್ಪಿಗೆಯಲ್ಲ. ತಿಳಿದೂ, ಬೇರೆ ದಾರಿಯಿಲ್ಲದೆ ಒಪ್ಪಿದವನ ಒಪ್ಪಿಗೆಯೂ ಅರೆ ಒಪ್ಪಿಗೆಯೇ. ಅದಲ್ಲದೆ, ಅವನು ತನ್ನ ದೇಹಕ್ಕೆ ಒಪ್ಪಬಹುದೇ ಹೊರತು, ಅವನ ಬಟ್ಟೆಯ ಧೂಳನ್ನು ಉಸಿರಾಡುವ ಮಗುವಿಗಾಗಲಿ, ನಾಳೆ ಆ ಮನೆಗೆ ಬರುವ ಬಾಡಿಗೆಯವರ ಕೂಸಿಗಾಗಲಿ ಬದಲಾಗಿ ಒಪ್ಪುವ ಅಧಿಕಾರ ಯಾರಿಗೂ ಇಲ್ಲ.

ಇಷ್ಟೆಲ್ಲ ವೆಚ್ಚವನ್ನು ಬಡ ಗೃಹಸ್ಥನು ಹೊರುವುದು ಹೇಗೆಂಬುದು ಮೂರನೆಯದು. ಮೂರರಲ್ಲಿ ತೂಕವುಳ್ಳದ್ದು ಇದೇ. ನೀರು, ಹಾಳೆ, ಸೋಪು, ಒದ್ದೆಬಟ್ಟೆ, ಇವುಗಳ ಬೆಲೆ ದೊಡ್ಡದಲ್ಲ. ದೊಡ್ಡದು ಕಾಲದ ಬೆಲೆ. ಕೈಯಲ್ಲಿ ಹಣವಿಲ್ಲದವನು ಎಲ್ಲ ಬಾಗಿಲುಗಳನ್ನೂ ಒಂದೇ ವರ್ಷ ಕೆರೆಸಬೇಕೆಂಬ ವಿಧಿಯಿಲ್ಲ. ಉದುರುತ್ತಿರುವ ಒಂದು ಕಿಟಕಿಯನ್ನು ಈ ವರ್ಷ ಸರಿಯಾಗಿ ಮಾಡಿಸಿ, ಗಟ್ಟಿಯಾಗಿರುವುದನ್ನು ಮುಂದಕ್ಕೆ ಬಿಡಲಿ. ಕೆಲಸ ಕಡಮೆಯಾದರೆ ಚೆಲುವಿಗೆ ಮಾತ್ರ ಕೊರತೆ. ಎಚ್ಚರ ಕಡಮೆಯಾದರೆ ಯಾರದೋ ಬುದ್ಧಿಗೆ ಕೊರತೆ. ಈ ಎರಡು ನಷ್ಟಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಮಹಾಭಾರತದ ಆದಿಪರ್ವದಲ್ಲಿ ಮಾಂಡವ್ಯಮುನಿಯ ಕಥೆ ಬರುತ್ತದೆ. ತಾನು ಮಾಡದ ಕಳ್ಳತನಕ್ಕಾಗಿ ಶೂಲಕ್ಕೇರಿದ ಆ ಮುನಿ ಧರ್ಮದೇವತೆಯ ಬಳಿಗೆ ಹೋಗಿ ಕಾರಣ ಕೇಳಿದನು. ಎಳೆಯತನದಲ್ಲಿ ಪುಟ್ಟ ಹುಳುಗಳನ್ನು ಕಡ್ಡಿಯಿಂದ ಚುಚ್ಚಿದ್ದರ ಫಲವಿದು ಎಂಬುದು ಬಂದ ಉತ್ತರ. ಅರಿಯದ ಮಗುವಿನ ಕೃತ್ಯಕ್ಕೆ ಇಷ್ಟು ದೊಡ್ಡ ದಂಡವೆ ಎಂದು ಮುನಿ ಸಿಡಿದು, ಧರ್ಮದೇವತೆಯನ್ನೇ ಶಪಿಸಿ, ಹದಿನಾಲ್ಕು ವರ್ಷದೊಳಗಿನವರಿಗೆ ಪಾಪವಿಲ್ಲವೆಂಬ ಮೇರೆಯನ್ನು ಲೋಕದಲ್ಲಿ ನಿಲ್ಲಿಸಿದನು. ಮಗು ಮಾಡಿದುದಕ್ಕೆ ದೊಡ್ಡವನು ಶಿಕ್ಷೆ ಪಡೆಯುವುದೇ ಅನ್ಯಾಯವೆಂದು ಆ ಕಥೆ ಸಾರುತ್ತದೆ. ನಾವು ಆಲೋಚಿಸುತ್ತಿರುವಲ್ಲಿ ಪರಿಸ್ಥಿತಿ ತಲೆಕೆಳಗು: ಮಾಡುವವರು ದೊಡ್ಡವರು, ಶಿಕ್ಷೆ ಮಗುವಿಗೆ. ಅದೂ ಅರಿವಿನ ಇಂದ್ರಿಯವಾದ ಮಿದುಳಿಗೇ. ಮಾಂಡವ್ಯನಿಗೆ ಹೋಗಿ ಕೇಳುವುದಕ್ಕೆ ಧರ್ಮದೇವತೆಯಾದರೂ ಇದ್ದನು. ಈ ಮಗು ಯಾರನ್ನು ಕೇಳಬೇಕು? ತನ್ನಿಂದ ಹೋದುದೇನೆಂಬುದೇ ಅದಕ್ಕೆ ಗೊತ್ತಾಗದು.

ಆದುದರಿಂದ ಮೊದಲಿನ ಪ್ರಶ್ನೆಗೆ ನನಗೆ ತೋರುವ ಉತ್ತರ ಇದು. ಕಾಲದಿಂದ ದೂರವಾದ ಮಾತ್ರಕ್ಕೆ, ಕಣ್ಣಿಗೆ ಕಾಣದ ಮಾತ್ರಕ್ಕೆ ಹಿಂಸೆ ಹಿಂಸೆಯಲ್ಲದೆ ಹೋಗುವುದಿಲ್ಲ. ಅದರ ಹೊಣೆಯಲ್ಲಿ ಮಾಡಿಸಿದವನ ಪಾಲೇ ದೊಡ್ಡದು. ಎರಡು ದಿನದ ಹೆಚ್ಚಿನ ಕೂಲಿಯನ್ನೂ ಒಳ್ಳೆಯ ಮುಸುಕನ್ನೂ ಕೊಡುವುದನ್ನು ನಾವು ದಯೆಯೆಂದು ಭಾವಿಸುತ್ತೇವೆ. ದಯೆಯೆಂದರೆ ಕೊಟ್ಟರೂ ಕೊಡಬಹುದು, ಬಿಟ್ಟರೂ ಬಿಡಬಹುದು. ಇದು ಹಾಗಲ್ಲ, ಇದು ಋಣ. ನಮ್ಮ ಮನೆಯ ಬಾಗಿಲಿನಿಂದ ಏಳುವ ವಿಷವನ್ನು ಅಡಗಿಸುವ ವೆಚ್ಚ ನಮ್ಮದೇ. ಅದನ್ನು ಕೊಡದೆ ಉಳಿಸಿದ ಹಣವನ್ನು ಮತ್ತೊಬ್ಬರ ಮಗುವಿನಿ೦ದ ಸಾಲ ತಂದಂತೆ ಲೆಕ್ಕ.

ಬಣ್ಣದ ಕೆಲಸಕ್ಕೆ ಮಾತನಾಡುವಾಗ ಚದರಡಿಯ ದರವನ್ನು ಬಳಿಯುವುದಕ್ಕೆ ಮಾತ್ರ ಇಟ್ಟುಕೊಂಡು, ಹಳೆಯದನ್ನು ತೆಗೆಯುವ ಕೆಲಸಕ್ಕೆ ದಿನಗೂಲಿಯನ್ನು ಬೇರೆಯಾಗಿ ಗೊತ್ತುಮಾಡಬೇಕೆಂಬುದು ನನ್ನ ಸೂಚನೆ. ಹಾಳೆ, ಮುಸುಕು, ಸೋಪುಗಳನ್ನು ಮನೆಯ ಯಜಮಾನನೇ ತಂದುಕೊಡಲಿ. ಕೆಲಸದವರಿಗೆ ಕಾರಣವನ್ನು ಬಿಡಿಸಿ ಹೇಳಲಿ. ಅವಸರಪಡಿಸುವ ಮಾತನ್ನು ಆಡದಿರಲಿ. ಯುಗಾದಿಯ ತೋರಣ ಕಟ್ಟುವ ದಿನ ಒಂದು ಬಾಗಿಲು ಹಳೆಯ ಬಣ್ಣದಲ್ಲಿಯೇ ಉಳಿದಿದ್ದರೆ ಹಬ್ಬಕ್ಕೇನೂ ಕೊರತೆಯಿಲ್ಲ.